ಮೂರು ಊರಿನ ಎಕ್ಸ್‌ರೇ ಅಳತಿ

ಮಸ್ಕಿ
೮ ಡಿಸೆಂಬರ್ ೨೦೨೪

ಪ್ರೀತಿಯ ತಾತಗ ಶಿವಗಂಗಾಳ ಶರಣು.

ಆರಾಮ ಇದ್ದೀಯಿಲ್ಲೋ? ಮುಕ್ಕುಂದದಾಗ ಅತ್ತಿ ಮನಿ ಭತ್ತದ ರಾಶಿ ಮುಗೀತೇನು? ಧೂಳಿನ್ಯಾಗ ಕುಂದ್ರಬ್ಯಾಡ, ಗುಳಿಗಿ ತಪ್ಪಸಬ್ಯಾಡ. ಫೋನ್‌ನ್ಯಾಗ ಒದರಿದ್ರ ಓಣಿ ಮಂದಿಗೆಲ್ಲ ಕೇಳ್ತೈತಿ, ನಿನಗೊಬ್ಬಗ ಕೇಳಂಗಿಲ್ಲ. ಅದಕ್ಕ ಬರಿಯಾಕತ್ತೀನಿ.

ಹೋದ ತಿಂಗಳು ನಮ್ಮ ದವಾಖಾನಿಗೆ ಇಶ್ತಿಯಾಕ್ ಸರ್ ಅಂತ ಕಾಲೇಜಿನ ಮಾಸ್ತರು ಬಂದಿದ್ರು. ಎದಿ ಎಕ್ಸ್‌ರೇ ತೆಗಿಯೋವಾಗ ಮಂದಿ ಮೈಮ್ಯಾಲ ಎಷ್ಟು ಕಿರಣ ಬೀಳ್ತಾವು ಅಂತ ಸಿಂಧನೂರು, ಲಿಂಗಸುಗೂರು, ಮಸ್ಕಿ ಮೂರೂ ಕಡಿ ಅಳತಿ ಮಾಡಾಕ. ಒಬ್ಬೊಬ್ಬರ ಬೆನ್ನಿಗೆ ಕಿರಣ ಅಳಿಯೋ ಉಗುರಿನಷ್ಟು ಸಣ್ಣ ಬಿಲ್ಲಿ ಹಚ್ಚೋದು, ಎಕ್ಸ್‌ರೇ ಆದಮ್ಯಾಲ ತಗಿಯೋದು. ಸಂಜಿಗೆ ಎಣಿಸಿದ್ರ ಒಂದು ಕಮ್ಮಿ! ಗದ್ದಲದಾಗ ತುರ್ವಿಹಾಳದ ಜಂಗ್ಲಿಸಾಬ್ ಬೆನ್ನಿಗೆ ಹಚ್ಚಿಕೊಂಡೇ ಬಸ್ಸು ಹತ್ತಿಬಿಟ್ಟಿದ್ದ. ಮುಂಜಾನೆ ಎದ್ದವಳ ನಾನೂ ಬಸ್ಸು ಹತ್ತಿದೆ. ಅವನ ಹೆಂಡ್ತಿ ಮೆಹಬೂಬ್‌ಬೀ, ಡಾಕ್ಟರ್ ಹಚ್ಚಿದ ದವಾ ಅಂತ ತಗಿಯಾಕ ಬಿಟ್ಟಿರಲಿಲ್ಲಂತ. “ಬೇಟಿ, ಬೆನ್ನುಬ್ಯಾನಿ ಅರ್ಧ ಇಳದೈತಿ, ಇನ್ನೆರಡು ದಿನ ಇರಲಿ” ಅಂದ ಮುದುಕ. ಅದು ದವಾ ಅಲ್ಲ, ಬರೇ ಅಳತಿ ಅಂತ ಹೇಳೂದರಾಗ ನನಗ ನಕ್ಕು ನಕ್ಕು ಸಾಕಾತು. ಕಡೀಕ ಬಿಲ್ಲಿ ಬಿಚ್ಚಿಕೊಟ್ಟು, ಮಂಡಾಳ ಒಗ್ಗರಣಿ ತಿನಿಸಿ ಕಳಿಸಿದ್ರು.

ಆದ್ರ ತಾತ, ಅಳತಿ ಬಂದಾಗ ನಗಿ ಹಾರಿಹೋತು. ಉಳಿದ ಎರಡು ಊರಿಗಿಂತ ನಮ್ಮ ಮಸ್ಕಿದು ಎರಡೂವರಿ ಪಟ್ಟು ಹೆಚ್ಚು. “ಯಾರಿಗೂ ಅಪಾಯ ಆಗೋವಷ್ಟಲ್ಲ, ಆದ್ರ ಬ್ಯಾಡದ ಕಿರಣ ಯಾಕ?” ಅಂದ್ರು ಸರ್. ಆರು ವರ್ಷ ಆ ಬಟನ್ ಒತ್ತಿದಾಕಿ ನಾನು! ಮಷೀನೇ ಕೆಟ್ಟೈತಿ ಅಂದ್ರು ನಮ್ಮ ಡಾಕ್ಟರು. ಅಲ್ರೀ, ಒಂದು ದಿನ ಕೊಡ್ರಿ, ನೋಡ್ತೀನಿ ಅಂದೆ. ಹುಡುಕಿದ್ರ ತಪ್ಪು ಗ್ವಾಡಿಮ್ಯಾಲ ಕುಂತಿತ್ತು. ನನಗಿಂತ ಮೊದಲಿದ್ದ ಹಂಪಣ್ಣ ಫಿಲ್ಮ್ ಕಾಲದಾಗ ಎಷ್ಟು ಕಿರಣ ಬಿಡಬೇಕು ಅಂತ ಬರದು ಅಂಟಿಸಿದ ನಂಬರಿನ ಚೀಟಿ. ನಾನೂ ಅದನ್ನ ನೋಡೇ ಒತ್ತತಿದ್ದೆ. ಕಂಪ್ಯೂಟರ್ ಬಂದಮ್ಯಾಲ ಅಷ್ಟು ಕಿರಣ ಬೇಕಾಗಿರಲೇ ಇಲ್ಲ. ಕಿರಣ ಹೆಚ್ಚಾದ್ರೂ ಕಂಪ್ಯೂಟರೇ ಚಿತ್ರ ಚಂದ ಮಾಡಿ ತೋರಿಸ್ತಿತ್ತು, ಯಾರಿಗೂ ಗೊತ್ತಾಗಲಿಲ್ಲ. ಸರ್ ಹೇಳಿದಂಗ ಕಿರಣ ದಿನಕ್ಕಿಷ್ಟು ಇಳಿಸಿದೆ. ಒಂದೊಂದು ಚಿತ್ರಾನೂ ಡಾಕ್ಟರು ನೋಡಿ “ಸಾಫ್ ಐತಿ” ಅಂದಮ್ಯಾಲ ಮುಂದಿನ ಹೆಜ್ಜಿ. ನಿನ್ನೆ ಮತ್ತ ಅಳತಿ ಬಂತು. ಮೂರೂ ಊರಾಗ ಈಗ ಎಲ್ಲಾರಿಗಿಂತ ಕಮ್ಮಿ ನಮ್ಮದು! ಚೀಟಿ ಕಿತ್ತು ಹರದು ಒಗದೆ. ಡಾಕ್ಟರು ಇಡೀ ದವಾಖಾನಿಗೆ ಬಿಸಿ ಮಿರ್ಚಿ ತರಿಸಿದ್ರು.

ಅತ್ತಿಗೆ, ಮಾಮಾಗ ನಮಸ್ಕಾರ ಹೇಳು. ನಿನ್ನ ಪಾದಕ್ಕ ನನ್ನ ಹಣಿ.

ನಿನ್ನ
ಶಿವಗಂಗಾ

ತಾ.ಕ.: ಈ ಕಾಗದ ಒಯ್ಯೋ ಬಸ್ಸು ಬಂತು, ಗಡಿಬಿಡ್ಯಾಗ ಬರಿಯಾಕತ್ತೀನಿ. ಈ ಅಳತಿ ವರದಿ ಅಚ್ಚಾಗ್ತೈತಂತ, ಮಾಡಿದವರ ಸಾಲಿನ್ಯಾಗ ನನ್ನ ಹೆಸರೂ ಹಾಕ್ತಾರಂತ. ಪೂರಾ ಹೆಸರು ಕೇಳಿದ್ರು. ಅಪ್ಪನ ಮುಖಾನೂ ನೆನಪಿಲ್ಲ ನನಗ. ಶಿವಗಂಗಾ ಅಮರಗುಂಡಪ್ಪ ಅಂತ ನಿನ್ನ ಹೆಸರು ಹೇಳಿದೆ. “ತಂದಿ ಹೆಸರಾ?” ಅಂದ್ರು ಸರ್. ಹೂಂ ಅಂದುಬಿಟ್ಟೆ. ಸುಳ್ಳಾತೇನು, ತಾತ?