ಕೆಂಗುಡ್ಡದ ಹೆಪ್ಪು

ಕೆಂಗುಡ್ಡ
ಇಸವಿ 2187, ಎರಡನೇ ಬೇಸಿಗೆ, ಕೆಂಧೂಳಿಗೆ ಮುಂಚಿನ ವಾರ

ಹಿಂದಿನವರಾದ ನಿಮಗೆ ಪಂಪಾವತಿಯ ನಮಸ್ಕಾರಗಳು.

ಈ ತಾರೀಖು ನಿಮಗೆ ವಿಚಿತ್ರವಾಗಿ ಕಂಡೀತು. ನಮ್ಮಲ್ಲಿ ಮಳೆಗಾಲ ಹೆಸರಿಗಷ್ಟೇ ಉಳಿದಿದೆ. ಅದರ ಜಾಗದಲ್ಲಿ ಇನ್ನೊಂದು ಬೇಸಿಗೆ, ಆಮೇಲೆ ತಿಂಗಳುಗಟ್ಟಲೆ ಸೂರ್ಯನನ್ನು ಮುಚ್ಚಿಬಿಡುವ ಕೆಂಪು ಧೂಳು. ನನ್ನ ಮಾತುಗಳಲ್ಲಿ ಕೆಲವನ್ನು ನೀವು ಕೇಳಿರಲಾರಿರಿ. ಕ್ಷಮಿಸಿ, ಅರ್ಥ ಹೇಳುತ್ತ ಹೋಗುತ್ತೇನೆ. ಪತ್ರ ಹಿಂದಿನ ಕಾಲಕ್ಕೆ ಹೇಗೆ ತಲುಪೀತು ಎಂಬುದು ನನಗೂ ತಿಳಿಯದು. ನನ್ನ ಅಕ್ಕ ಹುಲಿಗೆಮ್ಮನ ವಿಷಯವನ್ನು ಯಾರಿಗಾದರೂ ಹೇಳಬೇಕಿತ್ತು, ಅಷ್ಟೆ.

ಕೆಂಗುಡ್ಡ ಎಂದರೆ ನಿಮ್ಮ ಕಾಲದವರು ಅದಿರು ತೆಗೆದು ಬಿಟ್ಟುಹೋದ ಗಣಿ. ಅದರ ಗೋಡೆಗಳನ್ನು ಕೊರೆದು ನಾವು ತಂಪುಕೋಣೆಗಳನ್ನು ಮಾಡಿಕೊಂಡಿದ್ದೇವೆ. ನಸುಕಿನಲ್ಲಿ ರೊಟ್ಟಿ ಬಡಿದು, ನೀರು ಹಿಡಿದು, ಹೊಲದ ಕೆಲಸ ಮುಗಿಸಿ, ಬಿಸಿಲೇರುವ ಮುಂಚೆ ಊರೆಲ್ಲ ಒಳಗೆ ಸೇರುತ್ತದೆ. ಶಾಲೆ, ಮದುವೆ, ಜಗಳ ಎಲ್ಲವೂ ಒಳಗೇ. ಹೊರಗೆ ಉಳಿದವರ ಬೆವರು ಆರುವುದಿಲ್ಲ. ಮೈಯೊಳಗಿನ ಶಾಖವೇ ಅವರನ್ನು ಕೊಲ್ಲುತ್ತದೆ. ಬಿಸಿಲಿರುವಾಗ ಕೋಣೆಗಳನ್ನು ತಂಪಾಗಿಡುವುದು ಬಿಸಿಲಿನ ವಿದ್ಯುತ್ತೇ. ಧೂಳಿನ ತಿಂಗಳುಗಳಲ್ಲಿ ಅದೂ ಇರುವುದಿಲ್ಲ. ಆಗ ನಮ್ಮನ್ನು ಉಳಿಸುತ್ತಿದ್ದದ್ದು ಗಾಳಿಗಾಣ.

ಗಾಳಿಗಾಣ ಎಂಬ ಯಂತ್ರ ಗಾಳಿಯನ್ನು ಎಳೆದುಕೊಂಡು, ನೀವು ಉಗುಳಿದ ಇಂಗಾಲದ ಡೈಆಕ್ಸೈಡನ್ನು ಬೇರ್ಪಡಿಸುತ್ತದೆ. ನೀರನ್ನು ಒಡೆದು ಪಡೆದ ಜಲಜನಕವನ್ನು ಅದಕ್ಕೆ ಸೇರಿಸಿ, ಬಿಸಿಯಲ್ಲಿ, ಒತ್ತಡದಲ್ಲಿ ಹೆಪ್ಪಿನ ಮೇಲೆ ಹಾಯಿಸಿದರೆ ಮೆಥನಾಲ್ ಆಗುತ್ತದೆ. ನಾವು ಅದನ್ನು ಗಾಳಿಯೆಣ್ಣೆ ಎನ್ನುತ್ತೇವೆ. ಬಿಸಿಲಿರುವಾಗ ಅದನ್ನು ಮಾಡಿ ಕೂಡಿಟ್ಟು, ಧೂಳಿನಲ್ಲಿ ಉರಿಸಿ ಕೋಣೆಗಳನ್ನು ತಂಪಾಗಿಡುತ್ತಿದ್ದೆವು. ಹೆಪ್ಪು ಎಂದರೆ ನೀವು ವೇಗವರ್ಧಕ ಎನ್ನುತ್ತಿದ್ದ ವಸ್ತು, ತಾಮ್ರ ಸತು ಬೆರೆತ ಕರಿಯ ಕಾಳು. ಹಾಲಿನ ಹೆಪ್ಪಿನ ಹಾಗೆ ಇದನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಬೆಳೆಸಿಕೊಂಡು ಹೋಗಲು ಬರುವುದಿಲ್ಲ. ವರ್ಷ ಕಳೆದಂತೆ ಸೊರಗುತ್ತದೆ. ಕಾವು ಹೆಚ್ಚಿಸಿದರೆ ಕೆಲಕಾಲ ಚುರುಕಾಗಿ ದುಡಿಯುತ್ತದೆ, ಆಮೇಲೆ ಅದರೊಳಗಿನ ತಾಮ್ರದ ಕಣಗಳು ಒಂದಕ್ಕೊಂದು ಅಂಟಿಕೊಂಡು ಪೂರ್ತಿ ಸಾಯುತ್ತದೆ. ಒಳ್ಳೆಯ ಕಾಳು ಮಾಡುವ ವಿದ್ಯೆ ಸಮುದ್ರದಂಚಿನ ಒಂದು ನಗರದಲ್ಲಿ ಮಾತ್ರ ಇತ್ತು. ಅವರು ಅದನ್ನು ಯಾರಿಗೂ ಹೇಳಿಕೊಡಲಿಲ್ಲ. ನನ್ನ ತಾಯಿಯ ಕಾಲದಲ್ಲಿ ಆ ನಗರ ಮುಳುಗಿತು.

ಗಾಣದ ಹೊಣೆ ಅಕ್ಕನದಾಗಿತ್ತು. ಅವಳು ಕಡಿಮೆ ಮಾತಿನವಳು, ಮುಂಗೋಪಿ, ಮದುವೆ ಬೇಡವೆಂದವಳು. ಹಳೆಯ ತಂತಿಗಳನ್ನು ಕರಗಿಸಿ ಅವಳು ಮಾಡಿದ ಕಾಳುಗಳು ಗಾಣದಲ್ಲಿ ಪುಡಿಯಾದವು. ಇರುವ ಹೆಪ್ಪನ್ನು ಕಡಿಮೆ ಕಾವಿನಲ್ಲಿ ಜೋಪಾನವಾಗಿ ದುಡಿಸಿದರೆ ಇನ್ನೂ ಕೆಲವು ವರ್ಷ ತಡೆದೀತು ಎಂಬುದು ಅವಳ ಎಣಿಕೆಯಾಗಿತ್ತು.

ಹೋದ ವರ್ಷ ಧೂಳಿಗೆ ಮುಂಚೆ ಕರಾವಳಿಯಿಂದ ಇನ್ನೂರರಷ್ಟು ಜನ ನಡೆದು ಬಂದರು. ಅವರ ಕೊನೆಯ ದಿಬ್ಬವನ್ನೂ ಅಲೆ ತೆಗೆದುಕೊಂಡು ಹೋಗಿತ್ತು. ಅವರಲ್ಲಿ ಗುಲಾಬಿ ಎಂಬ ತುಂಬು ಬಸುರಿ ಇದ್ದಳು. ಗಂಡನನ್ನು ದಾರಿಯಲ್ಲೇ ಮಣ್ಣು ಮಾಡಿ ಬಂದಿದ್ದಳು. ಊರಿನ ಸಭೆ ಸೇರಿತು. ಇವರನ್ನೂ ಒಳಗೆ ಕರೆದುಕೊಂಡರೆ ಧೂಳು ಮುಗಿಯುವವರೆಗೆ ಎಣ್ಣೆ ಸಾಲದು ಎಂದು ಸಭೆಯ ಹಿರಿಯ ಎರ್ರಿಸ್ವಾಮಿ ತಲೆ ಎತ್ತದೆ ಹೇಳಿದರು. ಎರ್ರಿಸ್ವಾಮಿ ಕೆಟ್ಟ ಮನುಷ್ಯರಲ್ಲ, ಅವರ ಇಬ್ಬರು ಮಕ್ಕಳು ಶಾಖಕ್ಕೆ ಸತ್ತಿದ್ದರು. ಉಳಿದದ್ದು ಒಂದೇ ದಾರಿ, ಗಾಣದ ಕಾವು ಏರಿಸುವುದು. ಎಲ್ಲರೂ ಅಕ್ಕನ ಮುಖ ನೋಡಿದರು.

ಅವಳು ಎದ್ದು ಗಾಣಕ್ಕೆ ನಡೆದಳು. ನಾನು ಹಿಂದೆಯೇ ಹೋಗಿ, ಹೆಪ್ಪು ಸತ್ತರೆ ಮುಂದಿನ ವರ್ಷ ಏನು ಗತಿ ಎಂದು ಕೇಳಿದೆ.

"ಪಂಪಾ, ಈ ವರ್ಷ ಉಳಿದೋರು ಮುಂದಿನ ವರ್ಷಕ್ಕ ಏನಾದ್ರೂ ದಾರಿ ಹುಡುಕ್ತಾರ. ಸತ್ತೋರು ಏನ್ ಹುಡುಕ್ತಾರ?" ಎಂದು ಅವಳು ಕಾವಿನ ತಿರುಗಣೆಗೆ ಕೈ ಹಾಕಿದಳು.

ಆ ಧೂಳಿನಲ್ಲಿ ಕೆಂಗುಡ್ಡದಲ್ಲಿ ಶಾಖಕ್ಕೆ ಯಾರೂ ಸಾಯಲಿಲ್ಲ. ಗುಲಾಬಿಗೆ ನಮ್ಮ ಕೋಣೆಯಲ್ಲೇ ಹೆರಿಗೆಯಾಯಿತು, ಹೆಣ್ಣು ಮಗು. ಸಂಜೆಯ ಹೊತ್ತು ಅಕ್ಕ ಆ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಸುಮ್ಮನೆ ಕೂತಿರುತ್ತಿದ್ದಳು. ಅವಳು ಹಾಗೆ ಕೂತದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಧೂಳು ಇಳಿದ ಮೇಲೆ ಗಾಣದಿಂದ ಬರುವ ಎಣ್ಣೆ ದಿನದಿಂದ ದಿನಕ್ಕೆ ತೆಳುವಾಗಿ, ಕೊನೆಗೆ ಬರೀ ನೀರು ಬಂತು. ನಾವು ದಾರಿ ಹುಡುಕಲಿಲ್ಲವೆಂದಲ್ಲ. ಮುಳುಗಿದ ನಗರದ ಕಡೆ ಹೋದವರು ಬರಿಗೈಯಲ್ಲಿ ಬಂದರು. ಕರಾವಳಿಯವರು ತಾಮ್ರಕ್ಕಾಗಿ ಹಳೆಯ ಊರುಗಳನ್ನು ಅಗೆದರು. ಅಕ್ಕ ಸತ್ತ ಕಾಳುಗಳನ್ನು ಜಲಜನಕದಲ್ಲಿ ಮತ್ತೆ ಮತ್ತೆ ಕಾಯಿಸಿ ನೋಡಿದಳು. ಈ ಬೇಸಿಗೆ ಏರಿದ ಮೇಲೂ ಹೊರಗಿನ ಗಾಣದ ಕೊಟ್ಟಿಗೆ ಬಿಟ್ಟು ತಂಪುಕೋಣೆಗೆ ಬರಲಿಲ್ಲ. ಒಂದು ಮಧ್ಯಾಹ್ನ ಅವಳು ಅಲ್ಲೇ ನೆಲಕ್ಕೆ ಒರಗಿಬಿಟ್ಟಿದ್ದಳು. ಮೈ ಮುಟ್ಟಲಾಗದಷ್ಟು ಸುಡುತ್ತಿತ್ತು. ಸಂಜೆಯಾಗುವ ಮುಂಚೆ ಹೋದಳು.

ಹೆಣಕ್ಕೆ ಸ್ನಾನ ಮಾಡಿಸಿದವಳು ಗುಲಾಬಿ. ನೀರು ಹೊಯ್ಯುತ್ತ, ನನ್ನ ಕಡೆ ನೋಡದೆಯೇ, "ನಮ್ಮನ್ನು ಹೊರಗೇ ಬಿಟ್ಟಿದ್ದರೆ ಅಕ್ಕ ಬದುಕಿರುತ್ತಿದ್ದರು, ಅಲ್ವಾ?" ಎಂದಳು.

ಅವಳ ಕೈಯಿಂದ ಚೊಂಬು ತೆಗೆದುಕೊಂಡು ನಾನೂ ನೀರು ಹೊಯ್ದೆ.

ನಿಮ್ಮಲ್ಲೊಂದು ಕೋರಿಕೆ. ಇಂಥ ಹೆಪ್ಪು ನಿಮ್ಮ ಕಾಲದಲ್ಲೇ ತಯಾರಾಯಿತು ಎಂದು ಅಕ್ಕ ಹೇಳುತ್ತಿದ್ದಳು. ಹೊಗೆಯಿಂದ ಎಣ್ಣೆ ಮಾಡುವ ವಸ್ತು ಸಿಕ್ಕಿತೆಂದು, ಇನ್ನು ಎಷ್ಟು ಸುಟ್ಟರೂ ನಡೆದೀತು ಎಂದು ನೀವು ನಿರಾಳವಾದಿರಂತೆ. ಹಾಗೆ ನಿರಾಳವಾಗಬೇಡಿ. ಒಂದು ಕಾಳಿನಿಂದ ಅಷ್ಟೆಲ್ಲ ಆಗುವುದಿಲ್ಲ. ಅದನ್ನು ಮಾಡುವ ವಿದ್ಯೆಯನ್ನು ಒಂದೇ ಊರಲ್ಲಿ ಬೀಗ ಹಾಕಿ ಇಡಲೂಬೇಡಿ. ಊರೂರಿನ ಹುಡುಗಿಯರಿಗೆ ಕಲಿಸಿ.

ನಾಳೆ ನಸುಕಿನಲ್ಲಿ ನಾವೆಲ್ಲ ಪೂರ್ವದ ಬಿಳಿಕಲ್ಲು ಎಂಬ ಊರಿಗೆ ಹೊರಡುತ್ತೇವೆ. ಅಲ್ಲಿನ ಹೆಪ್ಪು ಇನ್ನೂ ಬದುಕಿದೆಯಂತೆ. ಜಾಗ ಕೊಡಿ ಎಂದು ಹೇಳಿ ಕಳಿಸಿದ್ದೇವೆ, ಉತ್ತರ ಬಂದಿಲ್ಲ. ಅವರ ಸಭೆಯಲ್ಲಿ ಈಗ ಯಾವ ಮಾತು ನಡೆಯುತ್ತಿದೆ ಎಂಬುದು ನನಗೆ ಚೆನ್ನಾಗಿ ಗೊತ್ತು.

ಹೋಗಿಬರುತ್ತೇನೆ ಎಂದು ಬರೆಯಬೇಕು. ಆದರೆ, ಹೋಗುತ್ತೇನೆ.

ಪಂಪಾವತಿ