ಬರಬಹುದಾದ ಬೇಡಿಕೆಗೆ ಕಾದಿರಿಸಿದ ರುದ್ರಭೂಮಿ

ಅಪರೂಪದ ಲೋಹಗಳ ವಿಶೇಷಾಧಿಕಾರಿಗಳ ಸನ್ನಿಧಿಗೆ,

ಮಾನ್ಯರೇ, ನನ್ನ ತಾಯಿ ಸಾಯುತ್ತಿದ್ದಾಳೆ. ಆಕೆಯನ್ನು ಎಲ್ಲಿ ಮಣ್ಣು ಮಾಡಬೇಕೆಂಬುದು ಈಗ ತಮ್ಮ ಕೈಯಲ್ಲಿದೆ. ಅರ್ಜಿ ಬರೆದು ಬರೆದು, ಹೊಸಪೇಟೆಯಲ್ಲಿ ತಮ್ಮ ಬಿಡಾರದ ಬಾಗಿಲು ಕಾದು ಸಾಕಾಯಿತು. ನಾಲ್ಕು ಜನರಾದರೂ ಓದಲೆಂದು ಪತ್ರಿಕೆಗೆ ಬರೆಯುತ್ತಿದ್ದೇನೆ.

ಪಾಪಿನಾಯಕನಹಳ್ಳಿಯ ನಮ್ಮ ರುದ್ರಭೂಮಿಗೆ ತಾವು ತಂತಿಬೇಲಿ ಹಾಕಿಸಿದ್ದೀರಿ. ತಮ್ಮ ಹುಕುಮಿನ ಪ್ರಕಾರ ಅಲ್ಲಿನ ಹಸಿರು ಕಲ್ಲಿನಲ್ಲಿ ಬೆರಿಲಿಯಂ ಎಂಬ ಲೋಹವಿದೆ. ಅದನ್ನು ಅಲ್ಯೂಮಿನಿಯಮ್ಮಿಗೆ ಬೆರೆಸಿದರೆ ವಿಮಾನ ಕಟ್ಟಲು ಹಗುರವೂ ಗಟ್ಟಿಯೂ ಆದ ಮಿಶ್ರಲೋಹವಾಗುತ್ತದಂತೆ. ಯುದ್ಧ ಮುಗಿದ ಮೇಲೆ ಕೈಗಾರಿಕೆಗಳಿಂದ ಇದಕ್ಕೆ "ಬೇಡಿಕೆ ಉಂಟಾಗುವ ಸಂಭವವಿರುವುದರಿಂದ" ಅಲ್ಲಿ ಯಾರೂ ಗುದ್ದಲಿ ಹಾಕತಕ್ಕದ್ದಲ್ಲವಂತೆ.

ಸಂಭವ! ಯಾವ ಕಾರ್ಖಾನೆ, ಯಾವ ಊರಿನದು, ಯಾವ ಕಾಲಕ್ಕೆ ಕೇಳೀತು? ತಮ್ಮ ಗುಮಾಸ್ತರನ್ನು ಕೇಳಿದರೆ ಆಕಾಶದ ಕಡೆ ಕೈ ತೋರಿಸಿದರು. ಸಂಡೂರಿನ ಗುಡ್ಡದ ಮ್ಯಾಂಗನೀಸಿಗೆ ಕೊಳ್ಳುವವರಿದ್ದಾರೆ, ಅಗೆಯುತ್ತಾರೆ. ಅದು ರೈಲು ಹತ್ತುವುದನ್ನು ದಿನಾ ಕಾಣುತ್ತೇವೆ. ಇಲ್ಲಿ ಕೊಳ್ಳುವವರೂ ಇಲ್ಲ, ಅಗೆಯುವವರೂ ಇಲ್ಲ. ನಾನು ಕಿರಾಣಿ ಅಂಗಡಿಯವನು. ಇನ್ನೂ ಹುಟ್ಟದ ಗಿರಾಕಿಗೆಂದು ಸರಕು ಮುಚ್ಚಿಟ್ಟು, ಬಾಗಿಲಲ್ಲಿ ನಿಂತವರನ್ನು ಓಡಿಸುವ ವ್ಯಾಪಾರವನ್ನು ಈ ಜನ್ಮದಲ್ಲಿ ಕಂಡಿರಲಿಲ್ಲ. ದೇಶಕ್ಕೆ ಲೋಹ ಬೇಡವೆಂದು ನಾನೆಲ್ಲಿ ಅಂದೆ? ಬೇಕಾದ ದಿನ ಬನ್ನಿ, ಊರೇ ಕೂತು ಮಾತಾಡೋಣ. ಸಾವು ಮಾತ್ರ ಸಂಭವವಲ್ಲ ಸ್ವಾಮಿ, ಅದು ನಮ್ಮ ಮನೆಯ ಪಡಸಾಲೆಗೇ ಬಂದು ಕೂತಿದೆ.

ಆ ಕಲ್ಲು ತಮ್ಮ ಕಣ್ಣಿಗೆ ಬಿದ್ದದ್ದು ಹೇಗೆಂದು ಓದುಗರಿಗೂ ತಿಳಿಯಲಿ. ನನ್ನ ತಂದೆ ತೋಟಪ್ಪನವರಿಗೆ ಕುಣಿ ತೋಡುವಾಗ ರುದ್ರಭೂಮಿಯ ಆಳು ಮುದುಕಪ್ಪನ ಗುದ್ದಲಿಗೆ ಆರು ಮೂಲೆಯ ಹಸಿರು ಕಲ್ಲೊಂದು ಸಿಕ್ಕಿತು. ಅವ್ವ ಅದನ್ನು ತೊಳೆದು, ಸಮಾಧಿಯ ದೀಪದ ಗೂಡಿನಲ್ಲಿ ಇಡಿಸಿದಳು. ಪಕ್ಕದಲ್ಲೇ ತನಗೆಂದು ಜಾಗವನ್ನೂ ಬಿಡಿಸಿಕೊಂಡಳು. ವರ್ಷಗಳ ಮೇಲೆ ತಮ್ಮ ಸರ್ವೆಯವರು ನೆರಳಿಗೆಂದು ಅಲ್ಲಿ ಕೂತರು, ಕಲ್ಲನ್ನು ಕಂಡರು, ಕಿತ್ತುಕೊಂಡು ಹೋದರು. ಹಿಂದೆಯೇ ಬೇಲಿ ಬಂತು. ಈಗ ಊರಿನ ಹೆಣಗಳೆಲ್ಲ ಕೆರೆಯಾಚೆಯ ಗರಸು ಬಯಲಿಗೆ ಹೋಗುತ್ತಿವೆ.

"ಆ ಕಲ್ಲು ನಾನು ಅಲ್ಲಿ ಇಡಬಾರದಿತ್ತೋ ಅಂದಾನಿ," ಎಂದು ಅವ್ವ ನನ್ನ ಹೆಸರು ಹಿಡಿದು ಹಾಸಿಗೆಯಲ್ಲೇ ಅಳುತ್ತಾಳೆ. "ಚಂದ ಐತಿ ಅಂತ ಇಟ್ಟೆ. ಊರ ಮಂದಿಗೆಲ್ಲ ಮಣ್ಣು ತಪ್ಪಿಸಿದೆ." ಅಕ್ಕನಾಗಮ್ಮ ಎಂಬ ಈ ಹೆಂಗಸು ಮಾಡಿದ ಅಪರಾಧ ಇದೊಂದೇ. ಇದಕ್ಕೆ ಶಿಕ್ಷೆ ಯಾವ ಕಾನೂನಿನಲ್ಲಿದೆ, ತಿಳಿಸಿ.

ಕೊನೆಗೂ ತಮ್ಮ ಕಚೇರಿ ಕರುಣೆ ತೋರಿತು: ಅಗೆತದ ಅಳತೆ ಮತ್ತು ದಿನಾಂಕವನ್ನು ಮುಂಚಿತವಾಗಿ ತಿಳಿಸಿದರೆ ಪರಿಶೀಲಿಸಲಾಗುವುದು! ಅಯ್ಯಾ, ನಮ್ಮಲ್ಲಿ ಸತ್ತವರನ್ನು ಕೂಡಿಸಿ ಮಣ್ಣು ಮಾಡುತ್ತೇವೆ. ಕುಣಿಯನ್ನು ಅವರದೇ ಪಾದದಿಂದ ಒಂಬತ್ತು ಪಾದ ಅಳೆಯುತ್ತೇವೆ, ಅದೂ ಉಸಿರು ನಿಂತ ಮೇಲೆ. ಮುಂಚಿತವಾಗಿ ಅಳೆಯುವುದೆಂದರೆ ಏನೆಂದು ತಮಗೆ ಯಾರಾದರೂ ಹೇಳಿದ್ದಾರೆಯೇ?

ಅದನ್ನೂ ಮಾಡಿದೆ. ಅವ್ವನಿಗೆ ಜೊಂಪು ಹತ್ತಿದಾಗ ನೂಲು ಹಿಡಿದು ಕಾಲ ಬಳಿ ಕೂತೆ. ನೂಲು ಪಾದಕ್ಕೆ ತಾಗಿ ಆಕೆಗೆ ಎಚ್ಚರವಾಯಿತು.

"ಏನ್ ಮಾಡಾಕತ್ತೀಯೋ?"

"ಚಪ್ಪಲಿ ಹೊಲಿಸಬೇಕಬೇ, ಅಳತಿ ತಗೊಳ್ಳಾಕತ್ತೀನಿ."

"ಏಳಾಕ ಬರದಾಕಿಗೆ ಚಪ್ಪಲಿ ಎದಕ್ಕೋ?" ಎಂದಳು. ನನ್ನ ಕೈಯಲ್ಲಿದ್ದ ನೂಲನ್ನು ನೋಡಿದಳು. ಆಮೇಲೆ ಮೆಲ್ಲಗೆ ಕಾಲು ನೀಡಿ, ಪಾದ ನೆಟ್ಟಗೆ ಮಾಡಿ ಹಿಡಿದಳು. "ನೀಟಾಗಿ ಅಳಿ. ತಪ್ಪೈತಿ ಅಂತ ಆ ಸಾಹೇಬ್ರು ತಿರುಗಿ ಕಳಿಸ್ಯಾರು."

ಮಾನ್ಯರೇ, ನಾನು ಅಳೆದೆ. ಆ ನೂಲನ್ನು ತಮ್ಮ ಕಚೇರಿಗೆ ಅಂಚೆಯಲ್ಲಿ ಕಳಿಸಿದ್ದೇನೆ. ದಿನಾಂಕ ಬರೆಯಲು ಮಾತ್ರ ನನ್ನಿಂದ ಆಗಲಿಲ್ಲ. ಆ ಧೈರ್ಯ ತಮಗಿದ್ದರೆ ತಾವೇ ತುಂಬಿಕೊಳ್ಳಿ.

ನಾನು ಕೇಳುವುದು ಇಷ್ಟೇ. ಊರಿಗೆ ರುದ್ರಭೂಮಿ ಬಿಡಿ; ಕುಣಿಯಲ್ಲಿ ಸಿಕ್ಕ ಹಸಿರು ಕಲ್ಲೆಲ್ಲ ತಮ್ಮವು, ಮುದುಕಪ್ಪನೇ ತಂದೊಪ್ಪಿಸುತ್ತಾನೆ. ಅಪ್ಪಣೆಯನ್ನು ಇವತ್ತೇ ಬರೆಯಿರಿ. ತಡವಾಗಿ ಬಂದರೂ ಮಣ್ಣು ಕಾಯುತ್ತದೆ, ನನ್ನ ಅವ್ವ ಕಾಯುವುದಿಲ್ಲ. ಆ ಕಾಗದವನ್ನು ನಾನು ಆಕೆಗೆ ಗಟ್ಟಿಯಾಗಿ ಓದಿ ಹೇಳಬೇಕು. ಆಕೆಗೆ ಇನ್ನೂ ಕಿವಿ ಕೇಳಿಸುತ್ತಿದೆ.

ಇಂತಿ,
ತಮ್ಮ ಅಪ್ಪಣೆಯಂತೆ ಬದುಕಿರುವ ತಾಯಿಯ ಪಾದ ಅಳೆದ ಮಗ,
ಅಂದಾನಪ್ಪ, ಕಿರಾಣಿ ವ್ಯಾಪಾರಿ
ಪಾಪಿನಾಯಕನಹಳ್ಳಿ, ೧೯೪೪