ಮಗಳು ನೋವು ಅನ್ನಲಿಲ್ಲ

ರೀ,

ಮಗಳನ್ನು ಈಗಷ್ಟೇ ಆಪರೇಷನ್ನಿಗೆ ಒಳಗೆ ಕರೆದುಕೊಂಡು ಹೋದರು. ನೀವಿದ್ದಿದ್ದರೆ ಗೋಳಾಡಿ ನನಗೆ ಇನ್ನೊಂದು ಕೆಲಸ ಹಚ್ಚುತ್ತಿದ್ದಿರಿ.

ಬೆಳಿಗ್ಗೆ ಅವಳ ಕರುಳಿನ ಎಕ್ಸ್‌ರೇ ಇತ್ತು. ಚಿತ್ರ ಸ್ಪಷ್ಟವಾಗಿ ಬರಲೆಂದು ಹಿಂದಿನಿಂದ ನಳಿಕೆ ಹಾಕಿ ಬಿಳಿ ಔಷಧಿ, ಗಾಳಿ ತುಂಬುತ್ತಾರೆ. "ನೋವಾದರೆ ತಕ್ಷಣ ಹೇಳಮ್ಮ, ನಿಲ್ಲಿಸ್ತೀನಿ" ಅಂದ ಎಕ್ಸ್‌ರೇಯವನು. ಬಾಗಿಲಲ್ಲಿದ್ದ ನಾನೇ ಉತ್ತರ ಕೊಟ್ಟೆ.

"ನೀವು ನಿಮ್ಮ ಕೆಲಸ ನೋಡಿ. ಮುಳ್ಳು ಚುಚ್ಚಿದರೂ ಊರು ಒಂದು ಮಾಡ್ತಿದ್ದಿದ್ದು ಇವರಪ್ಪ. ಇವಳು ನನ್ನ ಮಗಳು, ಹೆರಿಗೆಯಲ್ಲೂ ಕೂಗಲಿಲ್ಲ."

ತುಂಬುತ್ತಾ ತುಂಬುತ್ತಾ ಅವನು ಮತ್ತೆ ಕೇಳಿದ. ಅವಳು ನನ್ನ ಮುಖ ನೋಡಿ "ಏನಿಲ್ಲ" ಅಂದಳು.

ಸಂಜೆಗೆ ಹೊಟ್ಟೆ ಕಲ್ಲಾಯಿತು, ಮೈ ಸುಡತೊಡಗಿತು. ಕರುಳು ಹರಿದು ಔಷಧಿಯೆಲ್ಲ ಹೊಟ್ಟೆಯೊಳಗೆ ಸೋರಿದೆಯಂತೆ. ಹೀಗಾಗುವುದು ಅಪರೂಪ, ಆದರೆ ಹಾಗೇನಾದರೂ ಆಯಿತೆಂದರೆ ಜೀವಕ್ಕೇ ಅಪಾಯವಂತೆ.

"ಆಗಲೇ ನೋಯ್ತಿರಬೇಕಲ್ಲ, ಯಾಕಮ್ಮ ಹೇಳಲಿಲ್ಲ?" ಡಾಕ್ಟರು ಕೇಳಿದರು.

"ತಡ್ಕೋಬಹುದು ಅನ್ಕೊಂಡೆ" ಅಂದಳು. ನನ್ನ ಕಡೆ ನೋಡಲಿಲ್ಲ.

ಸ್ಟ್ರೆಚರ್ ತಳ್ಳುವಾಗ ನನ್ನ ಸೆರಗು ಹಿಡಿದು, "ಅಮ್ಮಾ, ಈಗ ಸ್ವಲ್ಪ ಅಳಲಾ?" ಅಂತ ಕೇಳಿದಳು. ಎರಡು ಮಕ್ಕಳ ತಾಯಿ ರೀ ಅವಳು, ನನ್ನ ಅಪ್ಪಣೆ ಕೇಳಿದಳು.

ನಾನು ಹೂಂ ಅನ್ನುವಷ್ಟರಲ್ಲಿ ಬಾಗಿಲು ಹಾಕಿಬಿಟ್ಟರು.